ಹಂಡೆಗೆ ಅಡ್ಡ ಹಾಕಿದ ಶೀಟು

ಗೀಸರ್ ಬಂದ ಮೇಲೆ ಅರಸೀಕೆರೆಯ ನಮ್ಮ ಬಚ್ಚಲಲ್ಲಿ ತಾಮ್ರದ ಹಂಡೆ ಮಸಿ ಹಿಡಿದು ಸುಮ್ಮನೆ ಕೂತಿತ್ತು. ಅದು ಕಾಣಬಾರದು ಅಂತ ಒಂದು ಪ್ಲಾಸ್ಟಿಕ್ ಶೀಟು ತಂದೆ. ಎರಡೂ ಗೋಡೆಗೆ ಪಟ್ಟಿ ಹೊಡೆದು, ಮೇಲಿನ ಕಡಪ ಕಲ್ಲಿಗೆ ತಾಗುವಂತೆ ಕುಯ್ದು, ಬಿಗಿಯಾಗಿ ಕೂರಿಸಿದೆ.

ಬೆಳಿಗ್ಗೆ ನೋಡಿದರೆ ಶೀಟು ಕಳಚಿಕೊಂಡು ಗೋಡೆಗೆ ಒರಗಿತ್ತು! ಉದ್ದ ಜಾಸ್ತಿಯಾಗಿ ಚಿಮ್ಮಿರಬೇಕು ಅಂತ ಮೇಲಂಚು ಒಂಚೂರು ಕುಯ್ದು ಮತ್ತೆ ಕೂರಿಸಿದೆ. ಮರುದಿನವೂ ಅದೇ ಕತೆ. ಹೀಗೆ ದಿನಾ ಕುಯ್ಯುತ್ತಲೇ ಹೋದೆ. ಅಳತೆ ಟೇಪು ಸುಳ್ಳೋ, ಗೋಡೆ ಸೊಟ್ಟವೋ, ನನಗೇ ತಲೆ ಕೆಟ್ಟಿದೆಯೋ ಒಂದೂ ತಿಳಿಯಲಿಲ್ಲ. ಕೊನೆಗೆ ಅಂಗಡಿಯವನನ್ನೇ ಬೈಯುತ್ತಾ ನಿಂತಿದ್ದೆ.

ಕಣಕಟ್ಟೆಯಿಂದ ದೀಪಾವಳಿಗೆ ಬಂದಿದ್ದ ಅತ್ತೆ ಬಾಗಿಲ ಮರೆಯಿಂದ ಹೇಳಿದರು: "ನಾನೇ ತೆಗೀತಿದ್ದೆ ಅಳಿಯಂದ್ರೆ. ಹಂಡೆಗೆ ಅರಿಶಿನ ಕುಂಕುಮ ಇಡ್ಬೇಕಲ್ಲ, ಮುಖ ಮುಚ್ಚಿದ್ರೆ ಹೆಂಗೆ? ನಿಮಗೆ ಹೇಳೋಕೆ ಸಂಕೋಚ ಆಯ್ತು."

ಆಗ ನೆನಪಾಯಿತು, ಮದುವೆಯಲ್ಲಿ ಆ ಹಂಡೆ ಕೊಟ್ಟವರು ಅವರೇ.

ಅಷ್ಟೊತ್ತಿಗೆ ಶೀಟು ಗಿಡ್ಡವಾಗಿ, ಹಂಡೆ ಕತ್ತು ಚಾಚಿ ನನ್ನನ್ನೇ ನೋಡುತ್ತಿತ್ತು. ಅತ್ತೆ ಅದಕ್ಕೆ ಕುಂಕುಮ ಇಟ್ಟು, "ಹೇಳ್ದೇ ಇದ್ರೂ ತಿಳ್ಕೊಂಡು ದಿನಾ ಒಸಿ ಒಸಿ ಕುಯ್ದ್ರಲ್ಲ, ಈಗ ಸರಿಯಾಗೈತೆ" ಅಂದರು.

ಅತ್ತೆಯ ಬಾಯಿಂದ ಬಂದ ಮೊದಲ ಹೊಗಳಿಕೆ. ಇಲ್ಲ ಅನ್ನುವಷ್ಟು ದಡ್ಡ ನಾನಲ್ಲ.