ಒಣಗಿದ ತೊಟ್ಟಿಗೆ ಕೈ ಹಚ್ಚಬೇಡಿ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ನಾಲ್ಕು ಅಂತಸ್ತಿನ ಹಳೆಯ ಕಟ್ಟಡದ ಮೆಟ್ಟಿಲುಗಳನ್ನು ಮೇಲಿನಿಂದ ಒರೆಸುತ್ತ ಇಳಿದ ಕಸಗುಡಿಸುವ ಹೆಂಗಸು, ಎರಡನೇ ಮಹಡಿಯ ತಿರುವಿನಲ್ಲಿ ಬಕೆಟ್ ಇಡುತ್ತಾರೆ. ಚಪ್ಪಲಿ ಕಳಚಿ ಒಂದು ಮೆಟ್ಟಿಲ ಮೇಲೆ ಬರಿ ಹಿಮ್ಮಡಿ ಊರುತ್ತಾರೆ. ಎತ್ತುತ್ತಾರೆ. ಅಂಟುವುದಿಲ್ಲ.

“ಇವತ್ತೂ ಇಲ್ಲ.”

ತಲೆಯ ಮೇಲೆ ಕಿಟಕಿಯಿಂದ ಹೊರಟು ನೀರಿನ ಪೈಪು ಹಿಡಿದು ಗೋಡೆಯೆಲ್ಲ ಹಬ್ಬಿದೆ ಮೇಣದ ಹೂಬಳ್ಳಿ. ಚರ್ಮದಂಥ ದಪ್ಪ ಎಲೆ, ಚಿವುಟಿದರೆ ಹಾಲು. ಹೂವಂಗಡಿಗೆ ಬರುವ ಜಾತಿಯಲ್ಲ. ಬಿಟ್ಟಾಗ ಮಾತ್ರ ಅಂಗೈಯಗಲದ ಗೊಂಚಲು. ಒಂದೊಂದು ಹೂವೂ ಅಚ್ಚು ಹೊಯ್ದಂಥ ತೆಳುಗುಲಾಬಿ ನಕ್ಷತ್ರ, ಅದರ ಹೊಟ್ಟೆಯಲ್ಲಿ ಇನ್ನೊಂದು ಕೆಂಪು ನಕ್ಷತ್ರ. ಸಂಜೆಗೆ ಪರಿಮಳ, ಬೆಳಗಿನ ಹೊತ್ತಿಗೆ ಹನಿಹನಿ ಜೇನು. ಮೆಟ್ಟಿಲು ಅಂಟಿದರೆ ಮೇಲೆ ಹೂ ಅರಳಿದೆಯೆಂದು ಲೆಕ್ಕ.

ಈ ಕಟ್ಟಡದಲ್ಲಿ ಇವರು ಎಲ್ಲರಿಗೂ ‘ಬಳ್ಳಿಯಕ್ಕ’. ಗಂಡ ರಾತ್ರಿಪಾಳಿಯ ಕಾವಲುಗಾರ. ಅವರು ಮನೆಗೆ ಬರುವಾಗ ಇವರು ಹೊರಟಿರುತ್ತಾರೆ. “ನಮ್ಮ ಸಂಸಾರ ಬೀದಿ ತಿರುವಲ್ಲೇ. ಬೀಗದ ಕೈ ಕೊಟ್ಟು, ಎರಡು ಮಾತಾಡಿ, ಟೈಮಿದ್ರೆ ಒಂದು ಜಗಳ” ಎಂದು ನಗುತ್ತಾರೆ. ಮಂಡಿ ಸವೆದಿದೆ. ಇಳಿಯುವಾಗ ಪ್ರತಿ ಮೆಟ್ಟಿಲಿಗೂ ಅದು ಕಟಕಟ ಎನ್ನುತ್ತದೆ.

ಬಳ್ಳಿ ಸಿಕ್ಕಿದ್ದು ಕಸದಲ್ಲಿ. ಮನೆ ಖಾಲಿ ಮಾಡಿದ ಯಾರೋ ಬಿಟ್ಟುಹೋದ ಒಡಕು ಕುಂಡ, ಅದರಲ್ಲಿ ಎರಡೆಲೆ. ಈ ಮೆಟ್ಟಿಲ ಕಿಟಕಿಯಲ್ಲಿಟ್ಟರು, ಹಬ್ಬಿತು, ಹೂವೂ ಬಿಟ್ಟಿತು. ಹೂ ಉದುರಿದ ಮೇಲೆ ಬೋಳು ತೊಟ್ಟುಗಳು ಉಳಿದವು. ಗುಡಿಸುವ ಕೈ ಸುಮ್ಮನಿರುತ್ತದೆಯೇ? ಒಂದೂ ಬಿಡದೆ ಕತ್ತರಿಸಿ ಚೊಕ್ಕಟ ಮಾಡಿದರು. ಮುಂದೆ ಹೂವೆಂದರೆ ಅಲ್ಲೊಂದು ಇಲ್ಲೊಂದು. ಬಿಟ್ಟಿದ್ದರ ತೊಟ್ಟನ್ನೂ ಬಿಡದೆ ಕತ್ತರಿಸಿದರು. ಆಮೇಲೆ ವರ್ಷಗಟ್ಟಲೆ ಎಲೆಯೇ ಎಲೆ.

“ಗೊಬ್ಬರ ಹಾಕ್ದೆ, ಬೈದೆ, ಕಾಲಿಗೆ ಬೀಳೋದೊಂದು ಬಾಕಿ. ಒಂದಿನ ಪೈಪಿನ ಹಿಂದೆ ನೋಡ್ತೀನಿ, ಗೊಂಚಲು! ನನ್ನ ಕತ್ತರಿಗೆ ಎಟುಕದೆ ಉಳಿದಿದ್ದ ಹಳೇ ತೊಟ್ಟು ಅದು. ಈ ಬಳ್ಳಿ ಹಳೇ ತೊಟ್ಟಲ್ಲೇ ಮತ್ತೆ ಮತ್ತೆ ಹೂ ಬಿಡೋದು. ನಾನು ಚೊಕ್ಕಟ ಮಾಡಿ ಮಾಡಿ ಅದರ ಹೊಟ್ಟೆಗೇ ಹೊಡ್ದಿದ್ದೆ.”

ಅಂದಿನಿಂದ ಕತ್ತರಿ ಮುಟ್ಟಿಲ್ಲ. ಕುಂಡ ಬದಲಿಸುವುದಿಲ್ಲ, ಬೇರು ಇಕ್ಕಟ್ಟಾಗಿದ್ದರೇ ಅದಕ್ಕೆ ಸುಖ. ಮಣ್ಣು ಒಣಗಿದ ಮೇಲಷ್ಟೇ ನೀರು. ಮೊಗ್ಗು ಬಂದಾಗಂತೂ ಕುಂಡ ಅಲುಗಿಸುವಂತಿಲ್ಲ, ಮುನಿಸಿಕೊಂಡು ಅಷ್ಟನ್ನೂ ಉದುರಿಸಿಬಿಡುತ್ತದೆ.

ಈ ಸಲ ಮೊಗ್ಗು ಸಾಸಿವೆಯಷ್ಟಾದಾಗಲೇ ಬಣ್ಣ ಬಳಿಯುವವನು ಏಣಿ ಹೊತ್ತು ಬಂದ. ಕಟ್ಟಡ ಕೊಂಡ ಹೊಸ ಮಾಲೀಕರು ಈ ಹೂವನ್ನು ಕಂಡವರಲ್ಲ.

“ಅಕ್ಕಾ, ಈ ಒಣಕಲು ಕಿತ್ತಾಕ್ಲಾ?”

“ತೊಟ್ಟಿಗೆ ಕೈ ಹಚ್ಚಿದ್ರೆ ಏಣಿ ಎಳೀತೀನಿ, ನೋಡು.”

“ನಿನ್ನ ಬಳ್ಳಿಗೆ ನನ್ನ ಸೊಂಟ ಬಲಿ ಕೊಡ್ತೀಯಾ?”

ಮೊದಲ ಮಹಡಿಯ ದರ್ಜಿ ಕೆಳಗಿನಿಂದ ಕೂಗಿದ್ದು ಇಡೀ ಕಟ್ಟಡಕ್ಕೆ ಕೇಳಿತು: “ಇಳಿಯಪ್ಪಾ, ಅವಳು ಹೇಳಿದ್ದು ಮಾಡ್ತಾಳೆ!”

ಗಲಾಟೆ ಕೇಳಿ ಮಾಲೀಕರೇ ಬಂದರು. ಗೋಡೆ ನೋಡಿದರು, ಕೆಳಗಿನಿಂದ ಬೋಳಾಗಿ ಕಂಡ ತೊಟ್ಟು ನೋಡಿದರು. “ಶನಿವಾರದವರೆಗೆ ಟೈಮು. ಹೂ ಬಿಟ್ರೆ ಇರ್ಲಿ. ಇಲ್ದಿದ್ರೆ ಕಿತ್ತು ಬಣ್ಣ ಹೊಡೀತಾರೆ” ಎಂದರು. ಪೇಂಟರ್ ಬಳ್ಳಿಯ ಅಂಚು ಬಿಟ್ಟು ಸುತ್ತ ಬಳಿದ. ಹೊಸ ಬಿಳುಪಿನ ನಡುವೆ ಹಳೆಯ ಗೋಡೆ ಹಾಗೇ ಉಳಿಯಿತು, ಧೂಳಿನ ಸಮೇತ. ಇಡೀ ಕಟ್ಟಡದಲ್ಲಿ ಬಳ್ಳಿಯಕ್ಕನ ಪೊರಕೆ ಮುಟ್ಟದ ಜಾಗ ಅದೊಂದೇ.

“ಯಾರಾದ್ರೂ ಕೇಳಿದ್ರೆ, ಮರ್ತಿದ್ದಲ್ಲ, ಬೇಕಂತ್ಲೇ ಬಿಟ್ಟಿದ್ದು ಅನ್ನಿ. ಇಷ್ಟು ವರ್ಷ ಗುಡಿಸಿದೀನಿ, ಒಂದು ಮೂಲೆ ಬಿಡೋ ಹಕ್ಕಿಲ್ವಾ ನಂಗೆ?”

ಶನಿವಾರ. ಏಣಿ ಬಾಗಿಲಲ್ಲಿ ಕಾಯುತ್ತಿದೆ. ಬಳ್ಳಿಯಕ್ಕ ಚಪ್ಪಲಿ ಕಳಚಿ ಹಿಮ್ಮಡಿ ಊರುತ್ತಾರೆ, ಎತ್ತುತ್ತಾರೆ. ಬಕೆಟ್ಟನ್ನು ಅಲ್ಲೇ ಬಿಟ್ಟು ಗೋಡೆಗೊರಗಿ ನಿಲ್ಲುತ್ತಾರೆ. ಆ ಒಂದು ಮೆಟ್ಟಿಲನ್ನು ಮಾತ್ರ ಒರೆಸುವುದಿಲ್ಲ.

ಮಾಲೀಕರು ಹತ್ತಿ ಬರುತ್ತಾರೆ. ಬೂಟು ಚರಕ್ ಎನ್ನುತ್ತದೆ.

“ಏನಮ್ಮಾ ಇದು, ಕಾಲು ಅಂಟ್ತಿದೆ! ಒರೆಸಿಲ್ವಾ?”

“ಒರೆಸ್ತೀನಿ ಸರ್. ಮೊದ್ಲು ಒಂದ್ಸಲ ತಲೆ ಎತ್ತಿ ನೋಡಿ.”