ಖಾಲಿ ಅಂದುಕೊಂಡ ಲೇಯರ್

ಮೊನ್ನೆ ಕದ್ರಿಯ ನಮ್ಮ ಆಫೀಸಿನಲ್ಲಿ ಕಪಾಟು ಸರಿಸುವಾಗ ಹಿಂದೆ ಸಿಕ್ಕಿಕೊಂಡಿದ್ದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯೊಂದು ಕೈಗೆ ಬಂತು. ಅದರ ಮೇಲೆ ಹಸಿರು ಮಾರ್ಕರಿನಲ್ಲಿ ಬರೆದ ಬೋಟಿನ ವೈರ್‌ಲೆಸ್ ಸೆಟ್ಟಿನ ಚಿತ್ರ, ಅರ್ಧ ಅಳಿಸಿದೆ. ಯಾರದೆಂದು ಕೇಳಬೇಕಾಗಿರಲಿಲ್ಲ. ಕಂಪ್ಯೂಟರ್ ಕೆಲಸಕ್ಕೆ ಮಾರ್ಕರ್ ಹಿಡಿಯುತ್ತಿದ್ದವರು ನಮ್ಮಲ್ಲಿ ಟೀಚರ್ ಒಬ್ಬರೇ...

ಶಾಲೆಯಿಂದ ನಿವೃತ್ತರಾದ ಮೇಲೆ ಅವರು ನಮ್ಮ ಇ-ಲರ್ನಿಂಗ್ ಕಂಪನಿಗೆ ಬಂದಿದ್ದರು. ಕೋರ್ಸ್ ತಯಾರಿಸುವ ಸಾಫ್ಟ್‌ವೇರನ್ನು ನನಗೆ ಕಲಿಸಿದ್ದೂ ಅವರೇ. ಸ್ಲೈಡಿನ ಮೇಲೆ ಒಂದರ ಮೇಲೊಂದು ಬರುವ ಲೇಯರುಗಳಲ್ಲಿ ಯಾವುದಾದರೂ ಕಾಣದೆ ಹೋದರೆ ನಾವು ಸಿಕ್ಕಸಿಕ್ಕಲ್ಲಿ ಕ್ಲಿಕ್ ಮಾಡುತ್ತಿದ್ದೆವು. ಟೀಚರ್ ಮಾತ್ರ ಲೇಯರಿಗೊಂದು ಪ್ಲಾಸ್ಟಿಕ್ ಹಾಳೆ ತೆಗೆದು, ಅದರಲ್ಲಿ ಇರುವುದನ್ನೆಲ್ಲ ಬರೆದು, ಒಟ್ಟಿಗೆ ಜೋಡಿಸಿ ಕಿಟಕಿಯ ಬೆಳಕಿಗೆ ಹಿಡಿಯುತ್ತಿದ್ದರು. ನಾವು ಹಿಂದಿನಿಂದ ನಗುತ್ತಿದ್ದೆವು, ಸುಳ್ಳು ಯಾಕೆ ಹೇಳಲಿ.

ಒಂದು ವರ್ಷ ಬೋಟಿನವರಿಗೆ ಕನ್ನಡ, ತುಳು ಎರಡರಲ್ಲೂ ಸುರಕ್ಷತೆಯ ಕೋರ್ಸ್ ಮಾಡುವ ಕೆಲಸ ಬಂತು. ಮಳೆಗಾಲದ ರಜೆ ಮುಗಿದು ಬೋಟುಗಳು ಕಡಲಿಗೆ ಇಳಿಯುವ ಮೊದಲು, ಬೋಟು ಕಟ್ಟುವ ದಕ್ಕೆಯಲ್ಲಿ ತರಬೇತಿ. ಇಳಿದ ಮೇಲೆ ಅವರು ಯಾರ ಕೈಗೂ ಸಿಗುವುದಿಲ್ಲ. ನಮ್ಮದು ಮೀನುಗಾರಿಕೆಯ ಮನೆ, ತರಬೇತಿಗೆ ಬರುವವರಲ್ಲಿ ನನ್ನ ಅಣ್ಣನೂ ಇದ್ದ. ಹಾಗಾಗಿ ನನಗೆ ಅದು ಬರೀ ಆಫೀಸಿನ ಕೆಲಸ ಆಗಿರಲಿಲ್ಲ.

ತರಬೇತಿಯ ಹಿಂದಿನ ದಿನ ನೋಡಿದರೆ ತುಳು ಕೋರ್ಸಿನಲ್ಲಿ ವೈರ್‌ಲೆಸ್ಸಿನ ಬಟನ್ ಒತ್ತಿದಾಗ ಏನೂ ಬರುತ್ತಿಲ್ಲ. ಬೋಟು ಮುಳುಗುವಾಗ ಮೊದಲು ಎಂತ ಹೇಳಬೇಕು ಎಂದು ತೋರಿಸುವ ಲೇಯರೇ ಅದು. ಕನ್ನಡದ್ದರಲ್ಲಿ ಸರಿಯಾಗಿ ಬರುತ್ತಿತ್ತು. ಕನ್ನಡದ್ದನ್ನೇ ಕಾಪಿ ಮಾಡಿ, ದನಿ ಅಳಿಸಿ ತುಳು ದನಿ ಹಾಕಿದ್ದಷ್ಟೆ. ಟೀಚರನ್ನು ಕರೆದೆ.

ಟೀಚರ್ ಹಾಳೆಗಳನ್ನು ಹರಡಿಕೊಂಡು ಕೂತರು. "ಇದರಲ್ಲಿ ಎಂತ ಉಂಟು?" ಎಂದು ಒಂದೊಂದೇ ಲೇಯರಿನದ್ದು ಕೇಳುತ್ತ ಬಂದರು. ಎಲ್ಲಕ್ಕಿಂತ ಮೇಲಿನದ್ದು ಬಂದಾಗ ನಾನು, "ಅದು ಖಾಲಿ, ಟೀಚರ್" ಎಂದೆ.

"ಖಾಲಿ ಆದ್ರೆ ಅದು ಯಾಕೆ ಉಂಟು ಮಾರಾಯ್ತಿ?"

ತೆರೆದು ನೋಡಿದೆ. ಇಡೀ ಸ್ಕ್ರೀನಿನಷ್ಟು ದೊಡ್ಡ ಚೌಕ, ಗಾಜಿನ ಹಾಗೆ ಬಣ್ಣವಿಲ್ಲದ್ದು. ದನಿ ಮುಗಿಯುವವರೆಗೆ ಯಾರೂ ಬಟನ್ ಒತ್ತಬಾರದೆಂದು ನಾವೇ ಅಡ್ಡ ಇಟ್ಟದ್ದು. ಕನ್ನಡದ ದನಿ ಮುಗಿದಾಗ ಹೋಗು ಎಂದು ಅದಕ್ಕೆ ಹೇಳಿದ್ದೆವು. ಆ ದನಿಯನ್ನೇ ಅಳಿಸಿದ ಮೇಲೆ ಅದು ಹೋಗುವುದು ಹೇಗೆ? ಒತ್ತಿದ ಬೆರಳೆಲ್ಲ ಆ ಚೌಕಕ್ಕೇ ತಾಗುತ್ತಿತ್ತು.

ಬದುಕಿದೆ ಎಂದುಕೊಂಡು ಅದನ್ನು ತುಳು ದನಿಗೆ ಕಟ್ಟಲು ಹೊರಟೆ. ಟೀಚರ್ ನನ್ನ ಕೈ ಹಿಡಿದರು.

"ತೆಗೆದು ಬಿಸಾಡು ಅದನ್ನು. ಮುಳುಗುವವರಿಗೆ ನಮ್ಮ ಮಾತು ಮುಗಿಯುವವರೆಗೆ ನಿಲ್ಲಿ ಅಂತ ಹೇಳ್ತೀಯಾ? ಕೈ ಮೊದಲು ಬಟನಿಗೆ ಹೋಗಿ ಅಭ್ಯಾಸ ಆಗಲಿ."

ಅಷ್ಟೂ ತಿಂಗಳು ನಾವೆಲ್ಲ ಸ್ಲೈಡ್ ನೋಡಿದ್ದೆವು. ಅವರು ನನ್ನ ಅಣ್ಣನನ್ನು ನೋಡಿದ್ದರು, ಒಮ್ಮೆಯೂ ಭೇಟಿಯಾಗದೆ. ಕನ್ನಡದ್ದರಿಂದಲೂ ಆ ಚೌಕ ತೆಗೆಸಿಯೇ ಅವರು ಬಸ್ಸಿಗೆ ಹೋದದ್ದು. ಆಮೇಲೆ ಅವರಿಗೆ ಆರೋಗ್ಯ ಕೆಟ್ಟಿತು, ಆಫೀಸಿಗೆ ಬರುವುದು ಕಡಿಮೆಯಾಯಿತು... ಹೋದ ವರ್ಷ ತೀರಿಕೊಂಡರು.

ಈ ವರ್ಷ ಅಣ್ಣನ ಬೋಟಿನೊಳಗೆ ನೀರು ನುಗ್ಗಿತು. ಎಲ್ಲರೂ ಬೊಬ್ಬೆ ಹಾಕುವಾಗ ಅವನ ಕೈ ತಾನಾಗಿ ವೈರ್‌ಲೆಸ್ಸಿಗೆ ಹೋಯಿತಂತೆ. ಹತ್ತಿರದ ಬೋಟಿನವರು ಬಂದು ಎಲ್ಲರನ್ನೂ ಹತ್ತಿಸಿಕೊಂಡರು. ಮನೆಗೆ ಬಂದವನು ಊಟಕ್ಕೆ ಕೂತು, "ಆ ಕೋರ್ಸ್ ಮಾಡಿದ್ದು ನಿನ್ನ ಟೀಚರ್ ಅಲ್ವಾ? ಒಳ್ಳೆ ಅಂಜಲ್ ಮೀನು ಸಿಕ್ಕಿದ ದಿನ ನಾವಿಬ್ಬರೂ ಹೋಗಿ ಕೊಟ್ಟು ಬರುವ" ಎಂದ.

ಅವರು ತೀರಿಕೊಂಡದ್ದನ್ನು ನಾನು ಅವನಿಗೆ ಹೇಳಿರಲಿಲ್ಲ. ಅವನ ಬಟ್ಟಲಿಗೆ ಇನ್ನಷ್ಟು ಅನ್ನ ಬಡಿಸಿದೆ.