ಅಪ್ಪ ಪಟಾಕಿ ಕಟ್ಟಿದ ಮರ

ಗರಿಯಾಹಾಟ್‌ನ ಫುಟ್‌ಪಾತಿನಲ್ಲಿ, ಸೀರೆ ಅಂಗಡಿಗಳ ಸಾಲು ಮುಗಿಯುವಲ್ಲಿ, ಬೇಸಿಗೆ ಬಂತೆಂದರೆ ಒಬ್ಬಾಕೆ ಜಂಬುನೇರಳೆಯ ಬುಟ್ಟಿ ಇಟ್ಟುಕೊಂಡು ಕೂರುತ್ತಾಳೆ. ಬುಟ್ಟಿಯ ಅಡಿಯಲ್ಲಿ ಒಡೆದು ಹೋದ ಹಣ್ಣುಗಳಿಂದ ಮಧ್ಯಾಹ್ನದ ಹೊತ್ತಿಗೆ ಸಿಹಿಯೂ ಹುಳಿಯೂ ಆದ ಒಂದು ವಾಸನೆ ಏಳುತ್ತದೆ. ದಾರಿಹೋಕರು ಮೂಗು ಮುಚ್ಚಿಕೊಂಡು ದಾಟುತ್ತಾರೆ. ನಾನು ಮಾತ್ರ ಚೀಲ ಕೆಳಗಿಟ್ಟು, ಬೇಡದಿದ್ದರೂ ಅರ್ಧ ಕಿಲೋ ಕಟ್ಟಿಸಿಕೊಳ್ಳುತ್ತೇನೆ. ಟಾಲಿಗಂಜ್‌ನ ನಮ್ಮ ಓಣಿ ಬೆಳಗಾಗುತ್ತಿದ್ದುದು ಇದೇ ವಾಸನೆಯಲ್ಲಿ. ಇರುಳೆಲ್ಲ ಎಲ್ಲೆಲ್ಲೋ ಅಲೆದು ಬಂದ ಬಾವಲಿಗಳು ಅರ್ಧ ಚೀಪಿದ ಹಣ್ಣುಗಳನ್ನು ನಮ್ಮ ಅಂಗಳಕ್ಕೆ ಉದುರಿಸಿ, ಓಣಿಯಿಂದ ಅಂಗಳದ ಮೇಲೆ ಚಾಚಿದ ಮಳೆಮರದ ಕೊಂಬೆಗಳಲ್ಲಿ ತಲೆಕೆಳಗಾಗಿ ಮಲಗುತ್ತಿದ್ದವು.

ಆ ದಿನ ಬೆಳಿಗ್ಗೆಯೂ ಅಮ್ಮ ಎಲ್ಲಕ್ಕಿಂತ ಮೊದಲು ಅಂಗಳಕ್ಕೆ ನೀರು ಹೊಡೆದು, ಬೀಜ ಸಿಪ್ಪೆಗಳನ್ನೆಲ್ಲ ಹಿಡಿಸೂಡಿಯಿಂದ ಒಂದು ಬದಿಗೆ ತಂದಳು. ರಂಗೋಲಿಯನ್ನು ಅವಳು ಮರದ ನೆರಳು ತಲುಪದ ಮೂಲೆಯಲ್ಲಿ ಹಾಕುತ್ತಿದ್ದಳು. ನಡುವೆ ಹಾಕಿದರೆ ಮೇಲಿನವರು ತಮ್ಮ ಬಣ್ಣವನ್ನೂ ಸೇರಿಸುತ್ತಿದ್ದರು. ನಾನು ಹಾಲಿನ ಬೂತಿಗೆ ಹೋಗಿ ಬಂದೆ. ಅಡುಗೆಮನೆಯಲ್ಲಿ ದೋಸೆ ಚುಂಯ್‌ಗುಡುತ್ತಿತ್ತು. ಎಲ್ಲವೂ ದಿನದಂತೆಯೇ ಇತ್ತು, ಅಪ್ಪ ಮನೆಯಲ್ಲಿದ್ದ ಎನ್ನುವುದೊಂದನ್ನು ಬಿಟ್ಟು. ಗರಿಯಾಹಾಟ್‌ನಲ್ಲಿ ಇಡ್ಲಿ ದೋಸೆಯ ಸಣ್ಣ ಹೋಟೆಲು ನಡೆಸುತ್ತಿದ್ದ ಅವನು ದಿನಾ ಮೊದಲ ಟ್ರಾಮ್ ಹಿಡಿಯುತ್ತಿದ್ದ. ಮರಳುವಾಗ ನನಗೆ ನಿದ್ದೆ ಬಂದಿರುತ್ತಿತ್ತು. ಅಂದು ಹೋಟೆಲನ್ನು ಅಡುಗೆಯ ಭಟ್ಟರಿಗೆ ಒಪ್ಪಿಸಿ, ಬೆಳಿಗ್ಗೆಯೇ ಇಸ್ತ್ರಿಯ ಬಿಳಿ ಅಂಗಿ ತೊಟ್ಟು, ಕನ್ನಡಿಯ ಮುಂದೆ ಎರಡೆರಡು ಸಲ ತಲೆ ಬಾಚಿಕೊಂಡ. "ಮದುಮಗ ಹೊರಟ್ರು ಕಾಣು" ಎಂದು ಅಮ್ಮ ನನಗೆ ಕಣ್ಣು ಮಿಟುಕಿಸಿದಳು. ವಾರ್ಡಿನ ಚುನಾವಣೆಯ ಮತ ಎಣಿಕೆಯ ದಿನ ಅದು. ನಿಂತವರು ನಮ್ಮ ಓಣಿಯವರೇ, ಮೂರನೇ ಮನೆಯ ಶೆಫಾಲಿ ಪಿಶಿ. ಶಾಲೆಯಲ್ಲಿ ಭೂಗೋಳ ಕಲಿಸುತ್ತಿದ್ದ, ದಪ್ಪ ಕನ್ನಡಕದ, ಊರಿಗೆಲ್ಲ ಅತ್ತೆಯಾಗಿದ್ದ ಹೆಂಗಸು.

ಅಪ್ಪ ಉಡುಪಿಯಿಂದ ಬಂಗಾಳದ ಆ ಓಣಿಗೆ ಬಂದು ಹದಿನೈದು ವರ್ಷ ಆಗಿತ್ತು. ಅಷ್ಟೂ ವರ್ಷ ಅವನು ಓಣಿಯವರ ಬಾಯಲ್ಲಿ 'ಮದ್ರಾಸಿ ದಾದಾ', ಮದ್ರಾಸಿನ ಅಣ್ಣ. ಉಡುಪಿ ಎಲ್ಲಿದೆ ಎಂದು ಎಷ್ಟು ಬಿಡಿಸಿ ಹೇಳಿದರೂ ಅವರು ನಕ್ಕು, "ಅದೇ, ಮದ್ರಾಸ್ ಹತ್ರ" ಎನ್ನುತ್ತಿದ್ದರು. ಪಿಶಿ ಚುನಾವಣೆಗೆ ನಿಂತಾಗ ಓಣಿಯ ಕ್ಲಬ್ಬಿನವರು ಮೊದಲ ಬಾರಿಗೆ ಅವನನ್ನು ಕರೆದು ಒಂದು ಕೆಲಸ ಕೊಟ್ಟರು. ಮತಗಟ್ಟೆಯ ಹೊರಗಿನ ಮೇಜಿನಲ್ಲಿ ಕೂತು ಓಣಿಯವರಿಗೆ ಚೀಟಿ ಹುಡುಕಿ ಕೊಡುವ ಕೆಲಸ. ಮತದಾನದ ದಿನವಿಡೀ ಬಿಸಿಲಲ್ಲಿ ಕೂತು ಬಂದವನ ಮುಖ ಸುಟ್ಟ ಬದನೆಯಂತಾಗಿತ್ತು. "ಇವತ್ತು ಎಲ್ಲರೂ ಹೆಸರು ಹಿಡಿದು ರಾವ್‌ದಾ ಅಂತ ಕರೆದ್ರು ಮಾರಾಯ್ತಿ" ಎಂದು ಅಮ್ಮನಿಗೆ ಅವನು ಹೇಳಿದ ಧ್ವನಿ ಈಗಲೂ ನನ್ನ ಕಿವಿಯಲ್ಲಿದೆ. ಈ ಓಣಿಯವನು ಅನ್ನಿಸಿಕೊಳ್ಳಬೇಕು, ಅಷ್ಟೇ. ಅದಕ್ಕಿಂತ ದೊಡ್ಡ ಆಸೆ ಅಪ್ಪನಿಗೆ ಇದ್ದಂತೆ ನನಗೆ ನೆನಪಿಲ್ಲ.

ಮರದ ಬಗ್ಗೆ ಓಣಿಗೆ ಒಂದು ಕಟ್ಟಳೆ ಇತ್ತು. ಯಾರೂ ಅದನ್ನು ಬಾಯಿಬಿಟ್ಟು ಹೇಳಿದ್ದು ನಾನು ಕೇಳಿಲ್ಲ. ಕಾಳಿಪೂಜೆಗೂ ಮಕ್ಕಳೆಲ್ಲ ಪಟಾಕಿಯ ಪೊಟ್ಟಣ ಹೊತ್ತು ಕೊಳದ ಆಚೆ ದಡಕ್ಕೆ ಹೋಗುತ್ತಿದ್ದೆವು. ದುರ್ಗಾ ಪೂಜೆಯ ಢಾಕ್ ಬಡಿಯುವವರೂ ಮರದ ಹತ್ತಿರ ಬಂದಾಗ ಕೋಲು ಎತ್ತಿ ಹಿಡಿದು, ಮೆಲ್ಲಗೆ ದಾಟಿ, ಮುಂದಿನ ತಿರುವಿನಲ್ಲಿ ಮತ್ತೆ ಶುರು ಮಾಡುತ್ತಿದ್ದರು. ಚುನಾವಣೆ ಬಂದರೆ ಊರಿನ ಗೋಡೆಗಳೆಲ್ಲ ಬಣ್ಣದ ಬರಹದಿಂದ ತುಂಬುತ್ತಿದ್ದವು. ಮರದ ಕೆಳಗಿನ ಗೋಡೆಯೊಂದೇ ಖಾಲಿ. "ಪಕ್ಷ ಬದಲಿಸದ ವೋಟರು ಅಂದ್ರೆ ಈ ಬಾವಲಿಗಳೇ, ಎಲ್ಲರ ಮೇಲೂ ಒಂದೇ ಸಮ ಹಾಕ್ತವೆ" ಎನ್ನುತ್ತಿದ್ದಳು ಎದುರುಮನೆಯ ಕಾಕಿಮಾ. ಸೆಖೆಯ ಮಧ್ಯಾಹ್ನಗಳಲ್ಲಿ ಅವು ನೂರಾರು ಒಟ್ಟಿಗೆ ರೆಕ್ಕೆ ಬೀಸಿಕೊಳ್ಳುವುದನ್ನು ನಾನು ಕಿಟಕಿಯಲ್ಲಿ ಕೂತು ನೋಡುತ್ತಿದ್ದೆ, ಮದುವೆ ಚಪ್ಪರದಲ್ಲಿ ಹೆಂಗಸರು ಬೀಸಣಿಗೆ ಬೀಸಿಕೊಂಡ ಹಾಗೆ. ಇದೆಲ್ಲ ಅಮ್ಮನಿಗೂ ನನಗೂ ಗೊತ್ತಿತ್ತು. ಹಬ್ಬದ ದಿನವೇ ಹೋಟೆಲಿನಲ್ಲಿ ಕೈತುಂಬ ಕೆಲಸವಿರುತ್ತಿದ್ದ ಅಪ್ಪನಿಗೆ ಗೊತ್ತಿರಲಿಲ್ಲ.

ಹನ್ನೊಂದರ ಸುಮಾರಿಗೆ ಪಿಶಿ ಗೆದ್ದ ಸುದ್ದಿ ಬಂತು. ಅಮ್ಮ ಬರುವವರಿಗೆಂದು ಗೋಳಿಬಜೆ ಕರಿಯುತ್ತಿದ್ದಳು. ಅಪ್ಪ ಮಂಚದ ಕೆಳಗಿನಿಂದ ಒಂದು ಮೂಟೆ ಎಳೆದು, ನನ್ನ ಕಡೆ ನೋಡಿ ತುಟಿಯ ಮೇಲೆ ಬೆರಳಿಟ್ಟ. ನಾನು ಹಿಂದೆಯೇ ಹೋದೆ. ಮೂಟೆಯಲ್ಲಿ ಮಾಲೆಪಟಾಕಿ, ಹಾವಿನಂತೆ ಸುತ್ತಿಟ್ಟದ್ದು. "ನಮ್ಮ ಊರಲ್ಲಿ ಗೆದ್ದವರನ್ನು ಸುಮ್ನೆ ಬರಮಾಡಿಕೊಳ್ತಾರಾ? ಇವರೂ ಒಮ್ಮೆ ಕಾಣ್ಲಿ. ಯಾರಿಗೂ ಹೇಳ್ಬೇಡ ಆಯ್ತಾ, ಅಮ್ಮನಿಗೂ!" ಎಂದು ಏಣಿ ಹತ್ತಿ, ಮಳೆಮರದ ತಗ್ಗಿನ ಕೊಂಬೆಗೆ ಮಾಲೆಯ ತುದಿ ಕಟ್ಟಿದ. ಏಣಿ ಹಿಡಿದಿದ್ದವಳು ನಾನು. ನನಗೆ ಹತ್ತು ವರ್ಷ. ಕಾನ್ವೆಂಟಿನ ಸಿಸ್ಟರುಗಳ ಹತ್ತಿರ ಸುಳ್ಳು ಹೇಳಬಾರದು ಎಂದು ಕಲಿತಿದ್ದೆ. ಸುಮ್ಮನಿರುವುದರ ಬಗ್ಗೆ ಅವರು ಏನೂ ಹೇಳಿರಲಿಲ್ಲ. ಅಪ್ಪಾ, ಇಲ್ಲಿ ಬೇಡ ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಹಗಲು ಹೊತ್ತು ಅಪ್ಪನ ಜೊತೆ, ನಮಗಿಬ್ಬರಿಗೇ ಗೊತ್ತಿರುವ ಒಂದು ಗುಟ್ಟು! ಅಂಥದ್ದು ನನ್ನ ಪಾಲಿಗೆ ಅಲ್ಲಿಯ ತನಕ ಬಂದಿರಲಿಲ್ಲ. ನಾನು ಏಣಿಯನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿದುಕೊಂಡೆ.

ಮೆರವಣಿಗೆ ತಿರುವಿಗೆ ಬಂದಾಗ ಢಾಕ್ ಎಂದಿನಂತೆ ನಿಂತಿತು. ಆ ಮೌನದೊಳಗೆ ಅಪ್ಪ ಕಡ್ಡಿ ಗೀರಿದ. ಸದ್ದು ಎಷ್ಟು ಹೊತ್ತು ಇತ್ತೋ ಹೇಳಲಾರೆ. ಹೊಗೆ ತೆಳುವಾದಾಗ ಮರ ಖಾಲಿಯಾಗಿ, ಆಕಾಶ ಕಪ್ಪಾಗಿತ್ತು. ಬಾವಲಿಗಳನ್ನು ಹಗಲಿನಲ್ಲಿ ಹಾರುತ್ತಾ ನಾನು ನೋಡಿದ್ದು ಅದೊಂದೇ ಸಲ. ಬಿಸಿಲು ರೆಕ್ಕೆಗಳನ್ನು ಹಾದು ಬರುತ್ತಿತ್ತು, ಬೆರಳಿನಂಥ ಎಲುಬುಗಳು ಒಂದೊಂದೂ ಕಾಣುತ್ತಿದ್ದವು, ಕೆಲವುಗಳ ಎದೆಗೆ ಮರಿಗಳು ಅಂಟಿಕೊಂಡಿದ್ದವು. ಕಾಗೆಗಳು ಬೆನ್ನು ಹತ್ತಿದವು. ಸುತ್ತಿ ಸುತ್ತಿ ಕೊನೆಗೆ ಬಾವಲಿಗಳು ದಕ್ಷಿಣಕ್ಕೆ ಹೋದವು. ಕೈಯಲ್ಲಿ ಕಡ್ಡಿಪೆಟ್ಟಿಗೆ ಹಿಡಿದು ನಗುತ್ತಾ ನಿಂತಿದ್ದ ಅಪ್ಪ ಎಲ್ಲರ ಮುಖವನ್ನೂ ಒಂದೊಂದಾಗಿ ನೋಡಿದ. ಯಾರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಪಿಶಿ ಕೊರಳಿನ ಹಾರ ತೆಗೆದು ಕೈಯಲ್ಲಿ ಹಿಡಿದುಕೊಂಡು, "ಥಾಕ್ ರಾವ್‌ದಾ, ಇರಲಿ ಬಿಡಿ" ಎಂದು ಅವನ ತೋಳು ಮುಟ್ಟಿ ಮುಂದೆ ಹೋದರು. ಅಮ್ಮ ಸೌಟು ಹಿಡಿದೇ ಬಾಗಿಲಿಗೆ ಬಂದಿದ್ದಳು. "ನಂಗೆ ಯಾರೂ ಹೇಳ್ಲೇ ಇಲ್ವಲ್ಲ" ಎಂದ ಅಪ್ಪ, ಅವಳಿಗಲ್ಲ, ಮರಕ್ಕೆ ಹೇಳುವ ಹಾಗೆ. ನಾನು ಅಮ್ಮನ ಸೆರಗಿನ ಹಿಂದೆ ನಿಂತಿದ್ದೆ. ನನಗೆ ಗೊತ್ತಿತ್ತು ಎಂದು ಅವತ್ತೂ ಹೇಳಲಿಲ್ಲ, ಮುಂದೆ ಎಂದೂ ಹೇಳಲಿಲ್ಲ.

ಈಗ ಆ ಓಣಿಯಲ್ಲಿ ಮರವೂ ಇಲ್ಲ, ಅಂಗಳವೂ ಇಲ್ಲ. ಕೊಳ ಇದ್ದಲ್ಲಿ ಫ್ಲಾಟುಗಳ ಪಾರ್ಕಿಂಗ್. ಅಪ್ಪ, ಅಮ್ಮ, ಪಿಶಿ ಎಲ್ಲರೂ ಹೋಗಿಬಿಟ್ಟರು. ನನ್ನ ಮಗಳು ನಾನು ಕನ್ನಡದಲ್ಲಿ ಬೈದರೆ ಬಂಗಾಳಿಯಲ್ಲಿ ಎದುರಾಡುತ್ತಾಳೆ. ಅವಳನ್ನು ನೀನು ಎಲ್ಲಿಯವಳು ಎಂದು ಯಾರೂ ಕೇಳುವುದಿಲ್ಲ. ಅದನ್ನು ಕಂಡಾಗ ಅಪ್ಪ ಇರಬೇಕಿತ್ತು ಅನ್ನಿಸುತ್ತದೆ.

ಅಂದು ಸಂಜೆ, ಬಾವಲಿಗಳು ಎದ್ದು ಹೊರಡಬೇಕಾದ ಹೊತ್ತಿನಲ್ಲಿ, ಅಪ್ಪ ಮರದ ಬುಡದಲ್ಲಿ ಏಣಿಗೆ ಒರಗಿ ನಿಂತಿದ್ದ. ಬಿದ್ದಿದ್ದ ಒಂದು ಮರಿಯನ್ನು ಹೆಗಲ ಬೈರಾಸಿನಲ್ಲಿ ಎತ್ತಿ, ಏಣಿ ತಲುಪಿದಷ್ಟು ಎತ್ತರದ ಕೊಂಬೆಗೆ ಸಿಕ್ಕಿಸಿ ಬಂದಿದ್ದ. ಅದು ಚೀಂ ಚೀಂ ಎನ್ನುತ್ತಿತ್ತು. ಬೆಳಗಿನ ಬಿಳಿ ಅಂಗಿಗೆ ಮಸಿ ಹತ್ತಿತ್ತು. ಅಷ್ಟರಲ್ಲಿ ಕಾಕಿಮಾ ಬಾಲ್ಕನಿಗೆ ಬಂದು, ಒಣಗಿದ ಬಟ್ಟೆಗಳನ್ನು ಒಂದೊಂದಾಗಿ ಹೆಗಲಿಗೆ ಎಳೆದುಕೊಳ್ಳುತ್ತಾ ಕೆಳಗೆ ನೋಡಿದಳು. ಅವಳ ಮಾತಿನಲ್ಲಿ ಸಿಟ್ಟಿನ ಎಳೆಯೂ ಇರಲಿಲ್ಲ.

"ದಾದಾ, ಮಕ್ಕಳಿಗೆ ರಜೆ ಶುರುವಾಯ್ತಲ್ಲ," ಎಂದಳು, "ನಿಮ್ಮ ದೇಶಕ್ಕೆ ಹೊರಡೋದು ಯಾವಾಗ?"